ಕಾಲೇಜಿಗೆ ಹೋಗುವ ಮಕ್ಕಳೂ ತೆರಿಗೆಯ ಲೆಕ್ಕವೂ

ಕೊಯಮತ್ತೂರಿನಿಂದ ಸತ್ಯಮಂಗಲಕ್ಕೂ, ಅಲ್ಲಿಂದ ದಿಂಬಂ ಘಟ್ಟವನ್ನೇರಿ ಚಾಮರಾಜನಗರಕ್ಕೂ ಹೋಗುವ ಹೆದ್ದಾರಿಯಲ್ಲಿ ಸುಮಾರು 30 ಕಿಲೋಮೀಟರು ಸಾಗಿದರೆ ಅನ್ನೂರು ಸಿಗುತ್ತದೆ. ಮನ್ನೀಶ್ವರನ ದೇವಾಲಯದಿಂದ ಹೆಸರಾದ ಈ ಊರಿನ ಸುತ್ತ ಬಾಳೆ, ಹತ್ತಿಗಳ ಹೊಲಗಳೂ ನೂಲಿನ ಗಿರಣಿಗಳೂ ಒಂದರ ಪಕ್ಕಕ್ಕೊಂದು ನಿಂತಿವೆ. ಮನೆಯೊಳಗೆ ಕನ್ನಡವನ್ನೂ ಬೀದಿಯಲ್ಲಿ ತಮಿಳನ್ನೂ ಆಡುತ್ತ ತಲೆಮಾರುಗಳಿಂದ ಬಾಳಿಕೊಂಡು ಬಂದಿರುವ ಒಕ್ಕಲಿಗ, ದೇವಾಂಗ ಮೊದಲಾದ ಕುಟುಂಬಗಳು ಈ ಸೀಮೆಯಲ್ಲಿ ಅನೇಕ. ಅಜ್ಜಂದಿರು ನೇಗಿಲನ್ನೋ ಮಗ್ಗವನ್ನೋ ನಂಬಿದ್ದರು. ಮೊಮ್ಮಕ್ಕಳಾದರೋ ಬೆಳಗಿನ ಬಸ್ಸು ಹಿಡಿದು ಕೊಯಮತ್ತೂರಿನ ಕಾಲೇಜುಗಳಿಗೆ ಹೋಗುತ್ತಿದ್ದಾರೆ. ಇದು ಸಂತೋಷದ ಸಂಗತಿ. ಆದರೆ ಸಂತೋಷದ ಬೆನ್ನಿಗೇ ಖರ್ಚೂ ಬರುತ್ತದೆ; ಖರ್ಚಿನ ಬೆನ್ನಿಗೆ ಪ್ರಶ್ನೆಗಳೂ ಬರುತ್ತವೆ.

ಅಂತಹ ಪ್ರಶ್ನೆಯೊಂದನ್ನು ಹಿಡಿದು ಒಂದು ಸಂಜೆ ಇಬ್ಬರು ನಮ್ಮಲ್ಲಿಗೆ ಬಂದರು. ಒಬ್ಬರು ನೂಲಿನ ಗಿರಣಿಯೊಂದರಲ್ಲಿ ಲೆಕ್ಕಪತ್ರ ನೋಡುವ ಮಧ್ಯವಯಸ್ಕರು. ಇನ್ನೊಬ್ಬ ಅವರ ಸೋದರಳಿಯ, ತಿರುಪ್ಪೂರಿನ ಬನಿಯನ್ ಕಂಪನಿಯೊಂದರಲ್ಲಿ ತಿಂಗಳಿಗೆ ಸುಮಾರು 40,000 ರೂಪಾಯಿ ಸಂಬಳ ಪಡೆಯುವ ತರುಣ. ಹಿರಿಯರ ಕೈಯಲ್ಲಿ ರಸೀದಿಗಳ ಒಂದು ಕಟ್ಟು ಇತ್ತು.

"ಮಗಳು ಇಂಜಿನಿಯರಿಂಗ್ ಎರಡನೆಯ ವರ್ಷದಲ್ಲಿದ್ದಾಳೆ. ಊಟ, ಬಟ್ಟೆ, ಬಸ್ಸು, ಫೀಸು ಎಲ್ಲವೂ ನನ್ನ ಸಂಬಳದಿಂದಲೇ. ಅಮೆರಿಕದಲ್ಲಿರುವ ನಮ್ಮ ಚಿಕ್ಕಪ್ಪನ ಮಗ ತನ್ನ ಮಗನನ್ನು ಅವಲಂಬಿತನೆಂದು ತೋರಿಸಿ ತೆರಿಗೆ ತಗ್ಗಿಸಿಕೊಳ್ಳುತ್ತಾನಂತೆ. ನಾನೂ ಹಾಗೆ ಮಾಡಬಹುದೇ?" ಎಂಬುದು ಅವರ ಪ್ರಶ್ನೆ.

ತರುಣ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಣ್ಣಾ, ನಮ್ಮಪ್ಪ ಇಲ್ಲ. ತಂಗಿಗೆ ಕೌನ್ಸೆಲಿಂಗಿನಲ್ಲಿ ಸೀಟು ಸಿಕ್ಕಿದೆ. ಅವಳು ನನ್ನ ಅವಲಂಬಿತಳಲ್ಲವೇ?" ಎಂದು ಕೇಳಿದ.

ಎರಡು ಪ್ರಶ್ನೆಗಳೂ ನೋಡುವುದಕ್ಕೆ ಒಂದೇ. ಉತ್ತರಗಳು ಮಾತ್ರ ಬೇರೆ ಬೇರೆ. ನಮ್ಮ ವಾಚಕರ ಪೈಕಿ ಅನೇಕರ ಮನೆಗಳಲ್ಲಿ ಇದೇ ಪ್ರಶ್ನೆ ಇರಬಹುದಾದ್ದರಿಂದ ಅಂದು ಆಡಿದ ಮಾತುಗಳನ್ನು ಇಲ್ಲಿ ವಿಸ್ತರಿಸಿ ಬರೆಯುತ್ತಿದ್ದೇವೆ.

ಅಮೆರಿಕದ ಪದ್ಧತಿ

ಚಿಕ್ಕಪ್ಪನ ಮಗ ಹೇಳಿದ್ದು ಸುಳ್ಳಲ್ಲ. ಅಮೆರಿಕದ ತೆರಿಗೆ ಕಾನೂನಿನಲ್ಲಿ 'ಅವಲಂಬಿತ' ಎಂಬುದು ಒಂದು ಸ್ಪಷ್ಟವಾದ ಸ್ಥಾನ. ವರ್ಷಾಂತ್ಯಕ್ಕೆ 24 ವರ್ಷ ತುಂಬದ, ಆ ವರ್ಷದಲ್ಲಿ ಕನಿಷ್ಠ 5 ತಿಂಗಳು ಪೂರ್ಣಾವಧಿ ವಿದ್ಯಾರ್ಥಿಯಾಗಿದ್ದ ಮಗನನ್ನೋ ಮಗಳನ್ನೋ ಪೋಷಕರು ಅವಲಂಬಿತರೆಂದು ತೋರಿಸಬಹುದು. ಆದರೆ ಆ ವಿದ್ಯಾರ್ಥಿ ವರ್ಷದ ಅರ್ಧಕ್ಕಿಂತ ಹೆಚ್ಚು ಕಾಲ ಅವರೊಡನೆ ವಾಸವಾಗಿರಬೇಕು. ತನ್ನ ಜೀವನವೆಚ್ಚದ ಅರ್ಧಕ್ಕಿಂತ ಹೆಚ್ಚನ್ನು ತಾನೇ ಭರಿಸಿಕೊಂಡಿರಬಾರದು. ಕಾಲೇಜಿನ ಹಾಸ್ಟೆಲಿನಲ್ಲಿದ್ದ ದಿನಗಳನ್ನು ತಾತ್ಕಾಲಿಕ ಗೈರುಹಾಜರಿಯೆಂದು ಎಣಿಸಿ, ಮನೆಯಲ್ಲಿದ್ದಂತೆಯೇ ಭಾವಿಸುತ್ತಾರೆ. 17 ತುಂಬಿದ ಅವಲಂಬಿತರ ಲೆಕ್ಕದಲ್ಲಿ 500 ಡಾಲರುಗಳವರೆಗೆ ತೆರಿಗೆ ಕಡಮೆಯಾಗುತ್ತದೆ. ಕಾಲೇಜು ಶುಲ್ಕದ ಮೇಲಿನ ರಿಯಾಯಿತಿಗಳು ಬೇರೆ. ಇನ್ನೊಂದು ವಿಶೇಷವೇನೆಂದರೆ, ಅಲ್ಲಿನ ಈ ನಿಯಮದಲ್ಲಿ ಮಕ್ಕಳು ಮಾತ್ರವಲ್ಲದೆ ಕಿರಿಯ ಒಡಹುಟ್ಟಿದವರೂ ಸೇರುತ್ತಾರೆ.

ನಮ್ಮ ದೇಶದಲ್ಲಿಯೂ ಒಂದು ಕಾಲಕ್ಕೆ ಇಂತಹ ಎಣಿಕೆ ಇತ್ತೆಂಬುದು ಇಂದಿನ ಅನೇಕರಿಗೆ ತಿಳಿಯದು. 1958ರ ಹಣಕಾಸು ಅಧಿನಿಯಮದ ಪ್ರಕಾರ ಅವಿವಾಹಿತನಿಗೆ 1,000 ರೂಪಾಯಿಯವರೆಗೆ ತೆರಿಗೆಯಿರಲಿಲ್ಲ. ಮಕ್ಕಳಿಲ್ಲದ ವಿವಾಹಿತನಿಗೆ ಆ ಮಿತಿ 3,000. ತನ್ನನ್ನೇ ಅವಲಂಬಿಸಿದ ಒಂದು ಮಗುವಿದ್ದರೆ 3,300. ಒಂದಕ್ಕಿಂತ ಹೆಚ್ಚಿದ್ದರೆ 3,600. ಮುಂದಿನ ದಶಕಗಳಲ್ಲಿ ಆ ಭೇದ ಅಳಿದುಹೋಯಿತು. ಇಂದು ನಮ್ಮ ಆದಾಯ ತೆರಿಗೆಯ ದರಪಟ್ಟಿಯ ಮುಂದೆ ಬ್ರಹ್ಮಚಾರಿಯೂ ನಾಲ್ಕು ಮಕ್ಕಳ ತಂದೆಯೂ ಸಮಾನರು.

ನಮ್ಮ ಕಾನೂನು ನೋಡುವುದು ರಸೀದಿಯನ್ನು

ಆದುದರಿಂದ ಹಿರಿಯರಿಗೆ ನಾವು ಹೇಳಿದ ಮೊದಲ ಮಾತು ಇದು: ಭಾರತದಲ್ಲಿ ಮಗಳನ್ನು ಅವಲಂಬಿತಳೆಂದು ತೋರಿಸಿದ ಮಾತ್ರಕ್ಕೆ ತೆರಿಗೆ ತಗ್ಗುವುದಿಲ್ಲ. ನಮ್ಮ ಕಾನೂನು ಮನೆಯಲ್ಲಿ ಎಷ್ಟು ಮಂದಿ ಉಣ್ಣುತ್ತಾರೆ ಎಂದು ಕೇಳುವುದಿಲ್ಲ. ಯಾವ ಬಗೆಯ ಖರ್ಚಾಯಿತು, ಯಾರು ಕೊಟ್ಟರು, ಯಾರ ಹೆಸರಿನಲ್ಲಿ ಕೊಟ್ಟರು ಎಂದಷ್ಟೇ ಕೇಳುತ್ತದೆ.

1961ರ ಆದಾಯ ತೆರಿಗೆ ಅಧಿನಿಯಮದಲ್ಲಿ ಕಾಲೇಜು ಮಕ್ಕಳ ತಂದೆತಾಯಿಗಳಿಗೆ ಸಂಬಂಧಿಸಿದ ಕಲಮುಗಳು ಮುಖ್ಯವಾಗಿ ಮೂರು. ಈ ಅಧಿನಿಯಮದ ಸ್ಥಾನಕ್ಕೆ 2026ರ ಏಪ್ರಿಲ್ 1ರಿಂದ ಅನ್ವಯವಾಗುವಂತೆ 2025ರ ಹೊಸ ಅಧಿನಿಯಮವನ್ನು ರಚಿಸಲಾಗಿದೆ. ಅದರಲ್ಲಿ ಕಲಮುಗಳ ಸಂಖ್ಯೆ ಬೇರೆ. ಜನರ ಬಾಯಲ್ಲಿ ಇಂದಿಗೂ ಹಳೆಯ ಸಂಖ್ಯೆಗಳೇ ಇರುವುದರಿಂದ ಇಲ್ಲಿ ಅವನ್ನೇ ಬಳಸುತ್ತೇವೆ.

ಮೊದಲನೆಯದು 80ಸಿ. ಭಾರತದೊಳಗಿನ ಶಾಲೆ, ಕಾಲೇಜು, ವಿಶ್ವವಿದ್ಯಾಲಯಗಳಲ್ಲಿ ಪೂರ್ಣಾವಧಿ ಓದುವ ಇಬ್ಬರು ಮಕ್ಕಳವರೆಗೆ ಕಟ್ಟಿದ ಬೋಧನಾ ಶುಲ್ಕವನ್ನು ಆದಾಯದಿಂದ ಕಳೆಯಬಹುದು. ಬೋಧನಾ ಶುಲ್ಕ ಎಂದರೆ ಬೋಧನಾ ಶುಲ್ಕವೇ. ದೇಣಿಗೆ, ಅಭಿವೃದ್ಧಿ ಶುಲ್ಕ, ಹಾಸ್ಟೆಲು, ಬಸ್ಸು ಇವು ಸೇರುವುದಿಲ್ಲ. ವಿದೇಶದ ಕಾಲೇಜಿನ ಶುಲ್ಕವೂ ಸೇರದು. ಇದಕ್ಕಿರುವ ಗರಿಷ್ಠ ಮಿತಿ 1,50,000 ರೂಪಾಯಿ. ಅದೂ ಶುಲ್ಕವೊಂದಕ್ಕೇ ಮೀಸಲಲ್ಲ. ಭವಿಷ್ಯನಿಧಿ, ಜೀವವಿಮೆ, ಗೃಹಸಾಲದ ಅಸಲು ಮೊದಲಾದವೆಲ್ಲ ಅದೇ ಪಾತ್ರೆಯೊಳಗೆ ಬೀಳತಕ್ಕವು. ಹಿರಿಯರ ಭವಿಷ್ಯನಿಧಿ ಮತ್ತು ವಿಮೆಯ ಕಂತುಗಳನ್ನು ಕೂಡಿಸಿ ನೋಡಿದೆವು. ಮಗಳ ಶುಲ್ಕ ಬರುವ ಮೊದಲೇ ಆ ಪಾತ್ರೆ ಬಹುಪಾಲು ತುಂಬಿತ್ತು.

ಎರಡನೆಯದು 80ಇ. ಪ್ರೌಢಶಿಕ್ಷಣದ ನಂತರದ, ಎಂದರೆ ಪ್ಲಸ್ ಟೂ ಮುಗಿಸಿದ ಮೇಲಿನ ಉಚ್ಚ ವ್ಯಾಸಂಗಕ್ಕಾಗಿ ಬ್ಯಾಂಕಿನಿಂದಲೋ ಮಾನ್ಯತೆ ಪಡೆದ ಹಣಕಾಸು ಅಥವಾ ಧರ್ಮಾರ್ಥ ಸಂಸ್ಥೆಯಿಂದಲೋ ತೆಗೆದ ಸಾಲದ ಬಡ್ಡಿಗೆ ಇದು ಸಂಬಂಧಿಸಿದ್ದು. ಬಡ್ಡಿ ಕಟ್ಟಲು ತೊಡಗಿದ ವರ್ಷದಿಂದ ಒಟ್ಟು 8 ವರ್ಷಗಳವರೆಗೆ, ಕಟ್ಟಿದ ಬಡ್ಡಿಯನ್ನೆಲ್ಲ ಮಿತಿಯಿಲ್ಲದೆ ಕಳೆಯಬಹುದು. ಅಸಲಿಗೆ ಈ ಸೌಲಭ್ಯವಿಲ್ಲ. ಸಾಲವನ್ನು ತಾನೇ ತೆಗೆದಿರಬೇಕು, ಬಡ್ಡಿಯನ್ನು ತನ್ನ ತೆರಿಗೆಗೊಳಪಡುವ ಆದಾಯದಿಂದಲೇ ಕಟ್ಟಿರಬೇಕು. ಬಂಧುವಿನಿಂದಲೋ ಲೇವಾದೇವಿಯವನಿಂದಲೋ ತಂದ ಸಾಲ ಇದಕ್ಕೆ ಸಲ್ಲದು.

ಮೂರನೆಯದು 80ಡಿ. 'ಅವಲಂಬಿತ ಮಕ್ಕಳು' ಎಂಬ ಮಾತು ಈ ಕಲಮಿನಲ್ಲಿ ಉಂಟು. ತನಗೂ ಪತಿ ಅಥವಾ ಪತ್ನಿಗೂ ಅವಲಂಬಿತ ಮಕ್ಕಳಿಗೂ ತೆಗೆದ ಆರೋಗ್ಯ ವಿಮೆಯ ಕಂತನ್ನು ವರ್ಷಕ್ಕೆ 25,000 ರೂಪಾಯಿಯವರೆಗೆ ಕಳೆಯಬಹುದು.

ಹೊಸ ಪದ್ಧತಿಯ ಮುಂದೆ ಹಳೆಯ ರಸೀದಿಗಳು

ಇಷ್ಟನ್ನು ಕೇಳಿ ಹಿರಿಯರು ರಸೀದಿಗಳನ್ನು ಬಿಚ್ಚತೊಡಗಿದರು. ತಡೆಯಿರಿ ಎಂದೆವು. ಈ ಮೂರು ಸೌಲಭ್ಯಗಳೂ ಹಳೆಯ ಪದ್ಧತಿಯಲ್ಲಿ ತೆರಿಗೆ ಕಟ್ಟುವವರಿಗೆ ಮಾತ್ರ. 2023-24ನೇ ಆರ್ಥಿಕ ವರ್ಷದಿಂದ ಹೊಸ ಪದ್ಧತಿಯೇ ಸಾಮಾನ್ಯ ಪದ್ಧತಿಯಾಗಿದೆ. ಹಳೆಯದು ಬೇಕೆಂದವರು ಕೇಳಿ ಆರಿಸಿಕೊಳ್ಳಬೇಕು. ಹೊಸ ಪದ್ಧತಿಯಲ್ಲಿ ದರಗಳು ಕಡಮೆ, ಆದರೆ ಶುಲ್ಕ, ಬಡ್ಡಿ, ವಿಮೆ ಯಾವುದನ್ನೂ ಕಳೆಯುವಂತಿಲ್ಲ.

ಹಾಗಾದರೆ ಯಾವುದು ಲೇಸು? 2025-26ನೇ ವರ್ಷದ ದರಗಳಲ್ಲಿ ಲೆಕ್ಕ ಹಾಕಿ ನೋಡೋಣ. ವರ್ಷಕ್ಕೆ 15,00,000 ರೂಪಾಯಿ ಸಂಬಳವಿರುವ ಒಬ್ಬ ತಂದೆಯನ್ನು ಭಾವಿಸಿರಿ. ಹಳೆಯ ಪದ್ಧತಿಯಲ್ಲಿ ಅವರು ಸಂಬಳದಾರರಿಗೆ ಸಲ್ಲುವ ಸ್ಥಿರ ಕಡಿತ 50,000, 80ಸಿಯ ಪೂರ್ಣ 1,50,000, ಮಗಳ ಸಾಲದ ಬಡ್ಡಿ 80,000, ಆರೋಗ್ಯ ವಿಮೆ 25,000 ಇಷ್ಟನ್ನೂ ಕಳೆದರು ಎನ್ನಿರಿ. ಉಳಿಯುವ ಆದಾಯ 11,95,000. ಅದರ ಮೇಲೆ ಸೆಸ್ ಸೇರಿ ತೆರಿಗೆ 1,77,840 ರೂಪಾಯಿ. ಹೊಸ ಪದ್ಧತಿಯಲ್ಲಿ ಸ್ಥಿರ ಕಡಿತ 75,000 ಒಂದೇ. ಉಳಿಯುವ ಆದಾಯ 14,25,000. ತೆರಿಗೆಯಾದರೋ ಸೆಸ್ ಸೇರಿ 97,500 ರೂಪಾಯಿ ಮಾತ್ರ. ರಸೀದಿಗಳನ್ನೆಲ್ಲ ತೋರಿಸಿದವರಿಗಿಂತ ಒಂದನ್ನೂ ತೋರಿಸದವರು 80,340 ರೂಪಾಯಿ ಕಡಮೆ ಕಟ್ಟುತ್ತಾರೆ. ಮನೆಬಾಡಿಗೆಯ ಭತ್ಯ, ಗೃಹಸಾಲದ ಬಡ್ಡಿ ಇಂತಹ ದೊಡ್ಡ ಕಡಿತಗಳು ಇನ್ನೂ ಇದ್ದವರಿಗೆ ಮಾತ್ರ ಹಳೆಯ ಪದ್ಧತಿ ಲಾಭವಾಗಬಹುದು. ಅಂತಹವರು ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಲೆಕ್ಕ ಹಾಕಿಯೇ ನಿರ್ಧರಿಸಬೇಕು.

ಅದಕ್ಕಿಂತ ಕಡಮೆ ಸಂಬಳದವರ ಸ್ಥಿತಿ ಇನ್ನೂ ಸರಳ. 2025-26ರಲ್ಲಿ ಹೊಸ ಪದ್ಧತಿಯ ಪ್ರಕಾರ ವರ್ಷಕ್ಕೆ 12,75,000 ರೂಪಾಯಿಯವರೆಗಿನ ಸಂಬಳವೊಂದೇ ಆದಾಯವಾಗಿರುವವರಿಗೆ ತೆರಿಗೆಯೇ ಇಲ್ಲ. ಭೂಮಿಯನ್ನೇ ನಂಬಿದವರ ವ್ಯವಸಾಯದ ಆದಾಯಕ್ಕಂತೂ ಕೇಂದ್ರದ ಆದಾಯ ತೆರಿಗೆ ಇಲ್ಲವೆಂಬುದು ಎಲ್ಲರಿಗೂ ತಿಳಿದ ವಿಷಯ. ನಮ್ಮ ಹಿರಿಯರ ಸಂಬಳ ಆ ಮಿತಿಯೊಳಗೇ ಇತ್ತು. ಅವರು ನಕ್ಕು ರಸೀದಿಗಳ ಕಟ್ಟನ್ನು ಚೀಲಕ್ಕೆ ಹಾಕಿದರು. ಎಸೆಯಬೇಡಿ, ವಿದ್ಯಾರ್ಥಿವೇತನಕ್ಕೆ ಬೇಕಾದೀತು ಎಂದೆವು.

ಮಕ್ಕಳ ಸ್ವಂತ ಆದಾಯದ ಬಗ್ಗೆಯೂ ಅವರೊಂದು ಸಂದೇಹ ಕೇಳಿದರು. ಮಗಳು ರಜೆಯಲ್ಲಿ ಪಾಠ ಹೇಳಿ ನಾಲ್ಕು ಕಾಸು ಸಂಪಾದಿಸಿದರೆ ತಮ್ಮ ಲೆಕ್ಕಕ್ಕೆ ಸೇರುವುದೇ ಎಂದು. ಸೇರುವುದಿಲ್ಲ. 18 ತುಂಬಿದವರು ಕಾನೂನಿನ ದೃಷ್ಟಿಯಲ್ಲಿ ಬೇರೆಯೇ ವ್ಯಕ್ತಿ. ಅವರ ಸಂಪಾದನೆ ಅವರದೇ. ತಂದೆ ಅವಳಿಗೆ ಕೊಟ್ಟ ಹಣಕ್ಕೆ ಅವಳು ತೆರಿಗೆ ಕೊಡಬೇಕಾಗಿಲ್ಲ; ವ್ಯಾಸಂಗದ ವೆಚ್ಚಕ್ಕೆಂದು ಬಂದ ವಿದ್ಯಾರ್ಥಿವೇತನಕ್ಕೂ ತೆರಿಗೆಯಿಲ್ಲ. 18 ತುಂಬದವರ ಹೆಸರಿನ ಠೇವಣಿಯ ಬಡ್ಡಿಯನ್ನು ಮಾತ್ರ ತಂದೆತಾಯಿಗಳಲ್ಲಿ ಹೆಚ್ಚು ಆದಾಯವಿರುವವರ ಲೆಕ್ಕಕ್ಕೆ ಸೇರಿಸುತ್ತಾರೆ. ಕಾಲೇಜಿನ ಮೊದಲ ವರ್ಷಕ್ಕೆ 17ರಲ್ಲೇ ಸೇರುವ ಮಕ್ಕಳಿರುವುದರಿಂದ ಇದನ್ನು ನೆನಪಿನಲ್ಲಿಡುವುದು ಒಳ್ಳೆಯದು.

ಅಣ್ಣನ ಪ್ರಶ್ನೆ

ಇನ್ನು ತರುಣನ ಮಾತು. ಅವನ ತಂದೆ ತೀರಿಕೊಂಡಾಗ ಅವನು ಪ್ಲಸ್ ಟೂ ಮುಗಿಸಿದ್ದ. ಕಾಲೇಜಿನ ಆಸೆ ಬಿಟ್ಟು ತಿರುಪ್ಪೂರಿಗೆ ಹೋದ. ಈಗ ತಂಗಿಗೆ ಸೀಟು ಸಿಕ್ಕಾಗ ಕೆಲವು ಬಂಧುಗಳು, "ಹುಡುಗಿಯನ್ನು ಇಷ್ಟು ಓದಿಸಿದ್ದು ಸಾಕು, ಒಳ್ಳೆಯ ಸಂಬಂಧ ನೋಡು" ಎಂದರಂತೆ. ಅವನು ಒಪ್ಪಲಿಲ್ಲ. ತಾಯಿಯೂ ಒಪ್ಪಲಿಲ್ಲ. ಹಣಕ್ಕಾಗಿ ಅವನು ತನ್ನ ಸಂಬಳದ ಆಧಾರದ ಮೇಲೆ ವೈಯಕ್ತಿಕ ಸಾಲ ತೆಗೆಯಲು ಅರ್ಜಿ ಸಿದ್ಧಪಡಿಸಿದ್ದ. "ಸಾಲ ನನ್ನ ಹೆಸರಿನಲ್ಲಿದ್ದರೆ ತೆರಿಗೆಯಲ್ಲಿ ಕಳೆಯಬಹುದು ಅಂತ ಯಾರೋ ಹೇಳಿದರು" ಎಂದ.

ಇಲ್ಲಿ ನಾವು ಅವನಿಗೆ ಕಹಿಯಾದ ಸತ್ಯವನ್ನು ಹೇಳಬೇಕಾಯಿತು. 80ಸಿಯಲ್ಲಿ ಮಕ್ಕಳ ಶುಲ್ಕವುಂಟು, ತಂಗಿಯದಿಲ್ಲ. 80ಇಯಲ್ಲಿ ತಾನು, ಪತಿ ಅಥವಾ ಪತ್ನಿ, ಮಕ್ಕಳು, ತಾನು ಕಾನೂನುಬದ್ಧ ಪಾಲಕನಾಗಿರುವ ವಿದ್ಯಾರ್ಥಿ ಇಷ್ಟೇ ಮಂದಿ. ತಂಗಿಗೆ 18 ತುಂಬಿದ್ದು ತಾಯಿಯೂ ಇರುವಾಗ ಅಣ್ಣ ಪಾಲಕನೆಂಬುದು ನಿಲ್ಲದು. 80ಡಿಯಲ್ಲಿಯೂ ಅವಳಿಗೆ ಜಾಗವಿಲ್ಲ. ವೈಯಕ್ತಿಕ ಸಾಲವಂತೂ ಶಿಕ್ಷಣ ಸಾಲವೇ ಅಲ್ಲ. ನಮ್ಮ ಮನೆಗಳಲ್ಲಿ ಎಷ್ಟೋ ಮಕ್ಕಳು ಓದಿದ್ದು ಅಣ್ಣನ ಬೆವರಿನಿಂದ, ಸೋದರಮಾವನ ಔದಾರ್ಯದಿಂದ, ಅಜ್ಜಿಯ ಒಡವೆಯಿಂದ. ಆ ಕುಟುಂಬವನ್ನು ಕಾನೂನು ಕಾಣುವುದಿಲ್ಲ. ಅದು ಕಾಣುವುದು ಪತಿ, ಪತ್ನಿ, ಮಕ್ಕಳು ಎಂಬ ಸಣ್ಣ ಚೌಕಟ್ಟನ್ನು ಮಾತ್ರ. ಇದು ಸರಿಯೇ ಎಂದು ಕೇಳಿದರೆ ಸರಿಯಲ್ಲವೆಂದೇ ನಮ್ಮ ಉತ್ತರ. ಮಗನಿಗಾಗಿ ಬಡ್ಡಿ ಕಟ್ಟುವ ತಂದೆಗೂ ತಂಗಿಗಾಗಿ ಬಡ್ಡಿ ಕಟ್ಟುವ ಅಣ್ಣನಿಗೂ ಭಾರದಲ್ಲಿ ಭೇದವಿಲ್ಲ.

ಆದರೆ ಅವನ ಲೆಕ್ಕದಲ್ಲಿ ಇನ್ನೊಂದು ತಪ್ಪೂ ಇತ್ತು. ವರ್ಷಕ್ಕೆ 4,80,000 ರೂಪಾಯಿ ಸಂಬಳದ ಮೇಲೆ ಅವನು ಕಟ್ಟಬೇಕಾದ ತೆರಿಗೆಯೇ ಇರಲಿಲ್ಲ. ಇಲ್ಲದ ತೆರಿಗೆಯನ್ನು ಉಳಿಸುವ ಆಸೆಯಿಂದ ಹೆಚ್ಚು ಬಡ್ಡಿಯ ಸಾಲಕ್ಕೆ ಕೈಹಾಕುವವನಿದ್ದ. ವೈಯಕ್ತಿಕ ಸಾಲಕ್ಕೆ ಮರುತಿಂಗಳಿಂದಲೇ ಕಂತು ಕಟ್ಟಬೇಕು. ಬ್ಯಾಂಕುಗಳ ಶಿಕ್ಷಣ ಸಾಲದಲ್ಲಾದರೋ ಓದು ಮುಗಿಯುವ ತನಕವೂ ಆಮೇಲೆ ಸಾಮಾನ್ಯವಾಗಿ ಒಂದು ವರ್ಷವೂ ಕಂತಿಗೆ ಬಿಡುವು ಇರುತ್ತದೆ. ಆದುದರಿಂದ ತಂಗಿಯೇ ಮುಖ್ಯ ಸಾಲಗಾರಳಾಗಿ, ತಾಯಿ ಸಹಸಾಲಗಾರಳಾಗಿ ಶಿಕ್ಷಣ ಸಾಲಕ್ಕೆ ಅರ್ಜಿ ಹಾಕಲಿ ಎಂದೆವು. ಕೈಲಾದಾಗ ಅಣ್ಣ ಬಡ್ಡಿಗೆ ನೆರವಾಗಲು ಯಾರ ಅಡ್ಡಿಯೂ ಇಲ್ಲ. ಮುಂದೆ ತಂಗಿ ಉದ್ಯೋಗಕ್ಕೆ ಸೇರಿ ತಾನೇ ಬಡ್ಡಿ ಕಟ್ಟುವಾಗ, ಹಳೆಯ ಪದ್ಧತಿಯನ್ನು ಆರಿಸಿಕೊಂಡರೆ 80ಇಯ ಸೌಲಭ್ಯ ಅವಳಿಗೇ ಸಿಗುತ್ತದೆ.

ಅವಲಂಬನೆಗೆ ಬೆಲೆಯಿರುವ ಕಡೆಗಳು

ತೆರಿಗೆಯ ಕಚೇರಿಯಲ್ಲಿ ಬೆಲೆಯಿಲ್ಲದ ಅವಲಂಬನೆಗೆ ಬೇರೆ ಕಚೇರಿಗಳಲ್ಲಿ ಬೆಲೆಯುಂಟು. ನಮ್ಮವರು ಹೆಚ್ಚಾಗಿ ಮರೆಯುವುದು ಇದನ್ನೇ.

ಸಾಲದ ಬಡ್ಡಿಯನ್ನೇ ತೆಗೆದುಕೊಳ್ಳಿ. ಕುಟುಂಬದ ವಾರ್ಷಿಕ ಆದಾಯ 4,50,000 ರೂಪಾಯಿಯೊಳಗಿದ್ದರೆ, ವೃತ್ತಿಪರ ಮತ್ತು ತಾಂತ್ರಿಕ ವ್ಯಾಸಂಗದ ಅರ್ಹ ಸಾಲಗಳಿಗೆ ಬಿಡುವಿನ ಅವಧಿಯ ಬಡ್ಡಿಯನ್ನು ಕೇಂದ್ರ ಸರ್ಕಾರವೇ ಭರಿಸುವ ಯೋಜನೆ 2009ರಿಂದ ಬಂದಿದೆ. 2024ರ ನವೆಂಬರಿನಲ್ಲಿ ಮಂಜೂರಾದ ಪ್ರಧಾನಮಂತ್ರಿ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ, ಆಯ್ದ ಉನ್ನತ ಸಂಸ್ಥೆಗಳಲ್ಲಿ ಸೀಟು ಪಡೆದವರಿಗೆ ಅಡಮಾನವಿಲ್ಲದ ಸಾಲವೂ, ಕುಟುಂಬದ ಆದಾಯ 8,00,000 ರೂಪಾಯಿಯೊಳಗಿದ್ದರೆ 10,00,000 ರೂಪಾಯಿಯವರೆಗಿನ ಸಾಲಕ್ಕೆ ಬಿಡುವಿನ ಅವಧಿಯಲ್ಲಿ ಶೇಕಡ 3ರ ಬಡ್ಡಿ ರಿಯಾಯಿತಿಯೂ ಉಂಟು. ಇವುಗಳಿಗೆಲ್ಲ ಆಧಾರ ಕುಟುಂಬದ ಆದಾಯದ ಪ್ರಮಾಣಪತ್ರ. ತೆರಿಗೆಯಲ್ಲಿ ಕಾಣದ ಕುಟುಂಬ ಇಲ್ಲಿ ಕಾಣುತ್ತದೆ.

ಎರಡನೆಯದಾಗಿ, ತಮಿಳುನಾಡು ಸರ್ಕಾರ 2010-11ರಲ್ಲಿ ಆರಂಭಿಸಿದ ಮೊದಲ ಪದವೀಧರರ ರಿಯಾಯಿತಿ. ಸರ್ಕಾರಿ ಕೌನ್ಸೆಲಿಂಗಿನ ಮೂಲಕ ವೃತ್ತಿಪರ ವ್ಯಾಸಂಗಕ್ಕೆ ಸೇರುವ, ಕುಟುಂಬದ ಮೊದಲ ಪದವೀಧರರಾಗಲಿರುವವರಿಗೆ ಬೋಧನಾ ಶುಲ್ಕದಲ್ಲಿ ಸಿಗುವ ರಿಯಾಯಿತಿ ಇದು. ಮನೆಯಲ್ಲಿ ಮೊದಲೇ ಒಬ್ಬರು ಪದವೀಧರರಿದ್ದರೆ ಸಿಗುವುದಿಲ್ಲ. ತರುಣ ಇದನ್ನು ಕೇಳಿ ತಲೆ ತಗ್ಗಿಸಿದ. ಅವನು ಪದವಿ ಮುಗಿಸಿದ್ದರೆ ತಂಗಿಗೆ ಈ ರಿಯಾಯಿತಿ ಇರುತ್ತಿರಲಿಲ್ಲ. ಅವನು ಬಿಟ್ಟ ಓದು ಅವಳ ಶುಲ್ಕವನ್ನು ತಗ್ಗಿಸಲು ಒದಗಿ ಬಂದಿತ್ತು.

ಮೂರನೆಯದಾಗಿ ಗಿರಣಿ ಮತ್ತು ಬನಿಯನ್ ಕಾರ್ಖಾನೆಗಳ ಕಾರ್ಮಿಕರು ಗಮನಿಸತಕ್ಕ ವಿಷಯ. ಇ.ಎಸ್.ಐ. ವ್ಯಾಪ್ತಿಯಲ್ಲಿರುವವರ ಮಕ್ಕಳು, ಅವರ ಸಂಪಾದನೆಯನ್ನೇ ಪೂರ್ಣವಾಗಿ ಅವಲಂಬಿಸಿ ಓದುತ್ತಿರುವವರೆಗೆ, 21 ವರ್ಷ ತುಂಬುವ ತನಕ ಕುಟುಂಬದ ವೈದ್ಯಕೀಯ ಸೌಲಭ್ಯಕ್ಕೆ ಅರ್ಹರು. ಅವಲಂಬಿತಳಾದ ಅವಿವಾಹಿತ ಮಗಳಿಗೆ ಆ ವಯಸ್ಸಿನ ಮಿತಿಯೂ ಇಲ್ಲ. ಮಗ ಕಾಲೇಜು ಸೇರಿದ ಮೇಲೂ ಅವನ ಹೆಸರನ್ನು ಕುಟುಂಬದ ಪಟ್ಟಿಯಲ್ಲಿ ಉಳಿಸಿಕೊಂಡರೆ, ಕಾಯಿಲೆ ಬಿದ್ದಾಗ ಸಿಂಗಾನಲ್ಲೂರಿನ ಇ.ಎಸ್.ಐ. ಆಸ್ಪತ್ರೆಯ ಬಾಗಿಲು ಅವನಿಗೂ ತೆರೆದಿರುತ್ತದೆ. 2010ರ ತಿದ್ದುಪಡಿಯ ಮೇಲೆ, ತಂದೆತಾಯಿಗಳಿಲ್ಲದ ಅವಿವಾಹಿತ ಕಾರ್ಮಿಕನ ಅಪ್ರಾಪ್ತ ವಯಸ್ಸಿನ ತಮ್ಮ ತಂಗಿಯರನ್ನೂ ಕುಟುಂಬವೆಂದು ಒಪ್ಪಿದ್ದಾರೆ. ಅಣ್ಣನ ಭಾರವನ್ನು ಕಾನೂನು ಅಷ್ಟರಮಟ್ಟಿಗಾದರೂ ಕಂಡಿತಲ್ಲ ಎಂದು ಸಮಾಧಾನಪಡಬೇಕು.

ಕೊನೆಯ ಮಾತು

ಆ ಸಂಜೆಯ ಮಾತುಕತೆಯನ್ನು ನೆನೆದಾಗಲೆಲ್ಲ ನಮಗೆ ತೋರುವುದಿಷ್ಟು. ತೆರಿಗೆ ಉಳಿಸುವ ಮಾತು ಕಿವಿಗೆ ಇಂಪು; ಅದರ ಬೆನ್ನು ಹತ್ತಿ ಮುಖ್ಯವಾದುದನ್ನು ಕಳೆದುಕೊಳ್ಳಬಾರದು. ಕಾಲೇಜಿಗೆ ಮಕ್ಕಳನ್ನು ಕಳುಹಿಸುವ ಪ್ರತಿಯೊಂದು ಮನೆಯೂ ಮೊದಲು ಆದಾಯ ಪ್ರಮಾಣಪತ್ರವನ್ನೂ ಮೊದಲ ಪದವೀಧರರ ಪ್ರಮಾಣಪತ್ರವನ್ನೂ ಕಾಲಕ್ಕೆ ಸರಿಯಾಗಿ ಮಾಡಿಸಿಕೊಳ್ಳಲಿ. ಎರಡನೆಯದಾಗಿ, ಸಾಲ ಬೇಕಾದಲ್ಲಿ ಶಿಕ್ಷಣ ಸಾಲವನ್ನೇ, ಸರಿಯಾದ ಹೆಸರಿನಲ್ಲಿ ತೆಗೆಯಲಿ. ಅದಾದ ಮೇಲೆ, ನಿಜವಾಗಿ ತೆರಿಗೆ ಬೀಳುವಷ್ಟು ಆದಾಯವಿದ್ದವರು ಎರಡು ಪದ್ಧತಿಗಳನ್ನೂ ತೂಗಿ ನೋಡಲಿ. ಈ ಕ್ರಮ ತಲೆಕೆಳಗಾದರೆ ನಷ್ಟವಾಗುವುದು ಹಣ ಒಂದೇ ಅಲ್ಲ, ಮಗುವಿನ ಓದೂ ನಿಂತೀತು.

ತರುಣ ಮರುವಾರವೇ ತಂಗಿಯನ್ನೂ ತಾಯಿಯನ್ನೂ ಕರೆದುಕೊಂಡು ಬ್ಯಾಂಕಿಗೆ ಹೋದ. ಕಾಗದಗಳಿಗೆ ಓಡಾಡಿದ್ದು ಅವನೇ. ಸಾಲ ಮಂಜೂರಾದ ದಿನ ದೂರವಾಣಿಯಲ್ಲಿ, "ಅಣ್ಣಾ, ಸಾಲದ ಪತ್ರದಲ್ಲಿ ನನ್ನ ಹೆಸರೇ ಇಲ್ಲ" ಎಂದು ನಗುತ್ತ ಹೇಳಿದ. ಪತ್ರದಲ್ಲಿ ಇಲ್ಲದಿದ್ದರೇನು, ತಂಗಿಯ ಮನಸ್ಸಿನಲ್ಲಿ ಇರುತ್ತದೆ ಎಂದೆವು. ಅವಳು ಈಗ ಮೂರನೆಯ ವರ್ಷದಲ್ಲಿ ಓದುತ್ತಿದ್ದಾಳೆ.